ಬಾಲ ಅಲುಗಿಸದ ಶಾರ್ಕ್: ಮನೆಯ ಗುಂಪಿನಲ್ಲಿ ಒಂದು ವಾದ

ತಮ್ಮ: ‘ಜಾಸ್’ ಎಂಬ ಶಾರ್ಕ್ ಚಿತ್ರಮಾಲೆಯ ಮೂರನೆಯ ಭಾಗ, 1983ರ ‘ಜಾಸ್ 3-ಡಿ’ ಚಿತ್ರದ ತುಣುಕನ್ನು ಮೇಲೆ ಹಾಕಿದ್ದೇನೆ. ಬಾಲವನ್ನೂ ಅಲುಗಿಸದೆ ಮರದ ದಿಮ್ಮಿಯಂತೆ ತೇಲಿಬಂದು ಗಾಜು ಒಡೆಯುವ ಈ ಶಾರ್ಕನ್ನು ನೋಡಲು ಜನ ದುಡ್ಡು ಕೊಟ್ಟರೇ?

ಚಿಕ್ಕಪ್ಪ: ಕೊಟ್ಟರು ಕಣೋ. ಸುಮಾರು 2 ಕೋಟಿ ಡಾಲರ್ ವೆಚ್ಚದ ಚಿತ್ರ, ವಿಮರ್ಶಕರೆಲ್ಲ ಹೀಗಳೆದರೂ, ಜಗತ್ತಿನಾದ್ಯಂತ 8 ಕೋಟಿಗೂ ಮಿಕ್ಕಿ ಗಳಿಸಿತು. ಅದೂ ಅಲ್ಲದೆ, ಕನ್ನಡಕ ಹಾಕಿಕೊಂಡು ದೊಡ್ಡ ಪರದೆಯಲ್ಲಿ ನೋಡಲೆಂದು ಮಾಡಿದ್ದನ್ನು ಅಂಗೈಯಗಲದ ಫೋನಿನಲ್ಲಿ ಬರಿಗಣ್ಣಿಂದ ನೋಡಿ ತೀರ್ಪು ಕೊಡುತ್ತಿದ್ದೀಯೆ.

ಅಕ್ಕ: ಕನ್ನಡಕ ಹಾಕಿದ ಮಾತ್ರಕ್ಕೆ ಮೀನಿಗೆ ಈಜು ಬರುತ್ತದೆಯೇ ಚಿಕ್ಕಪ್ಪ? ಟಿಕೆಟ್ ಹಣದಲ್ಲಿ ಚಿತ್ರಮಂದಿರದವರ ಪಾಲು ಕಳೆದರೂ ಲಾಭ ಉಳಿದೀತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು 1975ರ ಮೊದಲ ಚಿತ್ರದ ಹೆಸರಿನ ಮೇಲೆ ಬಂದ ಬಡ್ಡಿ.

ದೊಡ್ಡಪ್ಪ: ಮೊದಲನೆಯದರ ಸಂಗತಿ ನೆನಪಿಸಿಕೊಳ್ಳಿ. ಅದರ ನಿರ್ದೇಶಕ ಸ್ಪೀಲ್‌ಬರ್ಗ್ ಅವರ ಯಾಂತ್ರಿಕ ಶಾರ್ಕ್ ಉಪ್ಪುನೀರಿಗೆ ಇಳಿದೊಡನೆ ಕೆಡುತ್ತಿತ್ತು; 55 ದಿನಗಳಲ್ಲಿ ಮುಗಿಯಬೇಕಿದ್ದ ಚಿತ್ರೀಕರಣ 159 ದಿನ ಹಿಡಿಯಿತು. ಬೇರೆ ದಾರಿ ಕಾಣದೆ ಅವರು ಮೀನನ್ನು ಮರೆಯಲ್ಲಿಟ್ಟು, ಸಂಗೀತದಿಂದಲೂ ಮೀನಿಗೆ ಸಿಕ್ಕಿಸಿದ್ದರಿಂದ ನೀರಿನ ಮೇಲೆ ಓಡುವ ಹಳದಿ ಪೀಪಾಯಿಗಳಿಂದಲೂ ಅದರ ಇರವನ್ನು ಸೂಚಿಸಿದರು. ನಾವು ಹೆದರಿದ್ದು ಕಾಣದ ಮೀನಿಗೆ. 3-ಡಿ ಚಿತ್ರದ ಪಾಡು ಇದಕ್ಕೆ ತದ್ವಿರುದ್ಧ: ಕನ್ನಡಕ ಕೊಟ್ಟ ಮೇಲೆ ಏನನ್ನಾದರೂ ಮುಖಕ್ಕೆ ಎಸೆಯಲೇಬೇಕು, ಮರೆಮಾಚುವಂತಿಲ್ಲ. ಸೋಜಿಗವೆಂದರೆ, ಇದನ್ನು ನಿರ್ದೇಶಿಸಿದ ಜೋ ಆಲ್ವ್ಸ್ ಮೊದಲ ಚಿತ್ರದ ಶಾರ್ಕಿಗೆ ವಿನ್ಯಾಸ ಮಾಡಿದವರೇ. ಆ ಯಂತ್ರ ಎಲ್ಲಿ ಕೈಕೊಡುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಚಿಕ್ಕಪ್ಪ: ಅಣ್ಣ, ಆಗ 3-ಡಿಯ ಹೊಸ ಅಲೆ ಎದ್ದಿತ್ತು. ಭಯಾನಕ ಚಿತ್ರಮಾಲೆಗಳ ಮೂರನೆಯ ಭಾಗ ಬಂತೆಂದರೆ ಕನ್ನಡಕವೂ ಬಂತೆಂದೇ ಲೆಕ್ಕ. ಜನ ಹೋದದ್ದು ಆ ಮೋಜಿಗೆ. ಜಾತ್ರೆಯಲ್ಲಿ ತೊಟ್ಟಿಲು ಹತ್ತಿದವನು ಕಥೆ ಕೇಳುತ್ತಾನೆಯೇ?

ಅಕ್ಕ: ಹಾಗಾದರೆ ಅದನ್ನು ತೊಟ್ಟಿಲೆಂದೇ ಕರೆಯೋಣ, ಸಿನಿಮಾ ಎನ್ನುವುದು ಬೇಡ. 1987ರಲ್ಲಿ ಬಂದ ನಾಲ್ಕನೆಯ ಭಾಗವಂತೂ ಮೂರನೆಯದರ ಕಥೆ ನಡೆದೇ ಇಲ್ಲವೆಂಬಂತೆ ಮುಂದುವರಿಯಿತು. ಸ್ವಂತ ಮನೆಯವರೇ ಲೆಕ್ಕಕ್ಕೆ ಹಿಡಿಯದ ಚಿತ್ರಕ್ಕೆ ನೀವೇಕೆ ವಕಾಲತ್ತು ವಹಿಸುತ್ತೀರಿ?

ಚಿಕ್ಕಪ್ಪ: ನಾಲ್ಕನೆಯದನ್ನೂ ನೋಡಿದ್ದೇನೆ ಮಗಳೇ. ಅದರಲ್ಲಿ ಶಾರ್ಕ್ ಗರ್ಜಿಸುತ್ತದೆ.

ತಮ್ಮ: ಅದರ ತುಣುಕೂ ಇದೆ. ಹಾಕಲೇ?

ದೊಡ್ಡಪ್ಪ: ಬೇಡ.