ಟೇಬಲ್ ಸ್ಟೈಲ್ ಕೊಟ್ರೂ ಅಕ್ಷರ ಯಾಕ ಬದಲಾಗವಲ್ವು? ವಾರ್ಷಿಕ ವರದಿಯ ತಖ್ತೆ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಮುಧೋಳ ತಾಲೂಕು):
ನಮಸ್ಕಾರ್ರೀ ಅಕ್ಕಾರ. ನಮ್ಮೂರ ಪತ್ತಿನ ಸಹಕಾರಿ ಸಂಘದಾಗ ಗುಮಾಸ್ತ ಅದೀನಿ. ಸರ್ವಸಾಧಾರಣ ಸಭೆಗೆ ವರದಿ ಪುಸ್ತಕ ವರ್ಡ್‌ನಾಗ ತಯಾರ ಮಾಡಾಕತ್ತೀನಿ. ಜಮಾ-ಖರ್ಚು, ಅಡಾವೆ ಪತ್ರಿಕೆ, ಠೇವಣಿ ಯಾದಿ, ಸಾಲದ ಬಾಕಿ ಎಲ್ಲಾ ಸೇರಿ 17 ತಖ್ತೆ ಅದಾವ. ಎಲ್ಲಾ ಒಂದೇ ನಮೂನಿ ಕಾಣ್ಲಿ ಅಂತ ಹೊಸಾ ಟೇಬಲ್ ಸ್ಟೈಲ್ ಮಾಡಿ, ಅದರಾಗ ಅಕ್ಷರದ ಅಳತಿ 10 ಇಟ್ಟೆ. ಗೆರಿ ಬಂದ್ವು, ತಲಿಸಾಲಿಗೆ ನೀಲಿ ಬಣ್ಣ ಬಂತು. ಆದ್ರ ಅಕ್ಷರ ಮಾತ್ರ 14ರಾಗೇ ಕುಂತಾವ. ಪ್ರತಿ ಸಾಲಿನ ಕೆಳಗ ಖಾಲಿ ಜಾಗ ಬ್ಯಾರೆ ಬಿಡತೈತಿ. ಪ್ರೆಸ್ಸಿನವ್ರು ಸೋಮವಾರ ಪಿಡಿಎಫ್ ಕೇಳ್ಯಾರ. ಹಾದಿ ತೋರಸ್ರಿ.

ಉತ್ತರ (ವಿಜಯಪುರ, ಡಿಟಿಪಿ ಕೆಲಸ):
ಅಣ್ಣಾರ, ನಿಮ್ಮ ಟೇಬಲ್ ಸ್ಟೈಲ್ ಕೆಟ್ಟಿಲ್ಲ. ಅದರ ಮಾತು ನಡೀವಲ್ದು, ಅಷ್ಟ. ಬುಟ್ಟ್ಯಾಗ ರೊಟ್ಟಿ ಒಂದರ ಮ್ಯಾಲೊಂದು ಒಟ್ಟಿದಂಗ ವರ್ಡ್‌ನಾಗ ಅಕ್ಷರದ ಸೆಟ್ಟಿಂಗ್ ಪದರ ಪದರ ಇರತಾವ. ಎಲ್ಲಾಕಿಂತ ತಳದಾಗ ದಾಖಲೆಯ ಡೀಫಾಲ್ಟ್. ಅದರ ಮ್ಯಾಲ ಟೇಬಲ್ ಸ್ಟೈಲ್. ಅದರ ಮ್ಯಾಲ ಪ್ಯಾರಾಗ್ರಾಫ್ ಸ್ಟೈಲ್, ಅಂದ್ರ ನೀವು ಏನೂ ಆರಿಸದಿದ್ರ ನಾರ್ಮಲ್. ಆಮ್ಯಾಲ ಕ್ಯಾರೆಕ್ಟರ್ ಸ್ಟೈಲ್. ಎಲ್ಲಾಕಿಂತ ಮ್ಯಾಲ ನೀವು ಕೈಯಿಂದ ಕೊಟ್ಟ ಫಾಂಟ್, ಅಳತಿ, ಬೋಲ್ಡ್. ಮ್ಯಾಲಿನ ಪದರದಾಗ ಒಂದು ಮಾತು ಬರದಿಟ್ಟಿದ್ರ ತಳದ್ದು ಮುಚ್ಚಿ ಹೋಗತದ.

ನೀವು ಕನ್ನಡ ಅಕ್ಷರ ದೊಡ್ಡದಾಗಿ ಕಾಣ್ಲಿ ಅಂತ ಎಂದೋ ನಾರ್ಮಲ್ ಸ್ಟೈಲನ್ನ 14ಕ್ಕ ಏರಿಸಿರಬೇಕು. ಸಾಲಿನ ಕೆಳಗಿನ ಖಾಲಿ ಜಾಗಕ್ಕೂ ಅದೇ ಕಾರಣ: ನಾರ್ಮಲ್‌ನಾಗ ಪ್ಯಾರಾ ಮುಗದ ಮ್ಯಾಲ 8 ಪಾಯಿಂಟ್ ಬಿಡು ಅಂತ ಬರದಿಟ್ಟಿದ್ರ, ಟೇಬಲ್ ಸ್ಟೈಲ್ ಸೊನ್ನೆ ಅಂದ್ರೂ ನಾರ್ಮಲ್ದೇ ಗೆಲ್ಲತದ. ಗೆರಿ ಮತ್ತ ಬಣ್ಣದ ಬಗ್ಗೆ ನಾರ್ಮಲ್ ಏನೂ ಹೇಳಂಗಿಲ್ಲ. ಅದಕ್ಕ ಅವೆರಡು ಸುಮ್ಮನ ಬಂದಾವ.

ಖಾತ್ರಿ ಮಾಡ್ಕೋಬೇಕಂದ್ರ ತಖ್ತೆಯೊಳಗ ಕರ್ಸರ್ ಇಟ್ಟು ಶಿಫ್ಟ್ ಎಫ್1 ಒತ್ತರಿ. ಬಲಗಡೆ ಒಂದು ಪಟ್ಟಿ ತೆರೀತದ. ಅದರ ಕೆಳಗ ‘ಡಿಸ್ಟಿಂಗ್ವಿಶ್ ಸ್ಟೈಲ್ ಸೋರ್ಸ್’ ಅನ್ನೋದಕ್ಕ ಟಿಕ್ ಹಾಕ್ರಿ. ಆ 14 ಯಾವ ಪದರದಿಂದ ಬಂತು ಅನ್ನೋದು ಅಲ್ಲೇ ಕಾಣತದ. ನನ್ನ ಕಡೆ ಕಲಿಯಾಕ ಬರೋ ಹುಡುಗರಿಗೆ ನಾನು ಮೊದಲ ಕಲಸೋದು ಇದನ್ನ. ಎಲ್ಲಿ ತಪ್ಪೈತಿ ಅಂತ ನೋಡದ ತಿದ್ದಾಕ ಕುಂತ್ರ ಸಂಜಿಮಟಾ ಅದೇ ಆಗತದ.

ಉಪಾಯ ಹೇಳ್ತೀನಿ. ನಾರ್ಮಲ್ ಮುಟ್ಟಬ್ಯಾಡ್ರಿ, ವರದಿಯ ಉಳಿದ ಪುಟ ಅದರ ಮ್ಯಾಲೇ ನಿಂತಾವ. ‘ತಖ್ತೆ ಅಕ್ಷರ’ ಅಂತ ಹೊಸಾ ಪ್ಯಾರಾಗ್ರಾಫ್ ಸ್ಟೈಲ್ ಮಾಡ್ರಿ: ಅಳತಿ 10, ಪ್ಯಾರಾದ ಮುಂಚೆ 2, ನಂತರ 2 ಪಾಯಿಂಟ್, ಸಾಲಿನ ಅಂತರ ಸಿಂಗಲ್. ಅದನ್ನ ಆಧಾರ ಇಟ್ಕೊಂಡು ಬಲಕ್ಕ ಹೊಂದಿಸಿದ ‘ತಖ್ತೆ ಮೊತ್ತ’ ಅಂತ ಇನ್ನೊಂದು, ರೂಪಾಯಿ ಕಾಲಂಗೆ. ಈ ಎರಡರಾಗೂ ಅಕ್ಷರದ ಬಣ್ಣ ಬದಲಿ ಮಾಡಬ್ಯಾಡ್ರಿ, ಅಂದ್ರ ತಲಿಸಾಲಿನ ಬಿಳಿ ಅಕ್ಷರ ಟೇಬಲ್ ಸ್ಟೈಲಿಂದ ಹಂಗೇ ಬರತಾವ. ಟೇಬಲ್ ಸ್ಟೈಲ್ ಕೈಯಾಗ ಗೆರಿ, ಬಣ್ಣ, ತಲಿಸಾಲು ಅಷ್ಟ ಬಿಡ್ರಿ.

ಪ್ರಶ್ನೆ (ಅದೇ ಗುಮಾಸ್ತರು):
ಮಾಡಿದೆ ಅಕ್ಕಾರ. ಈಗ ವಿಚಿತ್ರ ಆಗೇತಿ. 1, 2, 3 ಅಂಕಿ ಸಣ್ಣ ಆದ್ವು, ಕನ್ನಡ ಅಕ್ಷರ ಮಾತ್ರ 14ರಾಗೇ ಉಳದ್ವು. ಮತ್ತ ಹೋದ ವರ್ಷದ ಫೈಲಿನಿಂದ ತಂದ ಸಾಲುಗಳು ಪೂರಾ ಗಜಿಬಿಜಿ ಆದ್ವು. ಪಿ, ಟೋಪಿ ಹಾಕಿದ ಎ, ಪೌಂಡ್ ಚಿಹ್ನೆ, ಇಂಥಾವೇ ಕಾಣತಾವ. ಗಾಬರಿ ಆಗಿ ಕಂಟ್ರೋಲ್ ಝಡ್ ಹೊಡದು ಕುಂತೀನಿ.

ಉತ್ತರ:
ಕಂಟ್ರೋಲ್ ಝಡ್ ಹೊಡದಿದ್ದು ಬಾಳ ಚಲೋ ಆತು. ಹಂಗೇ ಇಡ್ರಿ, ಸೇವ್ ಮಾಡೋಕಿಂತ ಮೊದಲ ಫೈಲಿಂದು ಒಂದು ಪ್ರತಿ ತಗದಿಡ್ರಿ.

ಇವು ಎರಡು ಬ್ಯಾರೆ ಬ್ಯಾರೆ ತೊಂದ್ರಿ. ಹೋದ ವರ್ಷದ ಸಾಲುಗಳು ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಾಗ ಟೈಪ್ ಆಗ್ಯಾವ. ಅಲ್ಲಿ ಒಳಗ ಇರೋದು ಇಂಗ್ಲಿಷ್ ಅಕ್ಷರ ಮತ್ತ ಚಿಹ್ನೆ. ನುಡಿ ಫಾಂಟ್ ಅನ್ನೋ ಬಟ್ಟಿ ಹಾಕ್ಕೊಂಡಾಗ ಕನ್ನಡ ಕಾಣತದ, ಬಟ್ಟಿ ಜಾರಿದ್ರ ಗಜಿಬಿಜಿ. ‘ಕನ್ನಡ’ ಅನ್ನೋ ಶಬ್ದ ಪಿ ಅಕ್ಷರದಿಂದ ಸುರು ಆಗಿ ನಡುವ ಪೌಂಡ್ ಚಿಹ್ನೆ ಬರತದ. ಕಂಟ್ರೋಲ್ ಸ್ಪೇಸ್ ಒತ್ತಿದ್ರ ಆ ಬಟ್ಟಿ ಹೋಗತದ. ಅದು ಬಾಳ ಮಂದಿಗೆ ಗೊತ್ತು. ಗೊತ್ತಿಲ್ಲದ್ದು ಏನಂದ್ರ, ಒಂದು ಪ್ಯಾರಾದಾಗ ಅರ್ಧಕ್ಕಿಂತ ಹೆಚ್ಚು ಅಕ್ಷರಕ್ಕ ಕೈಯಿಂದ ಫಾಂಟ್ ಕೊಟ್ಟಿದ್ರ, ಹೊಸಾ ಪ್ಯಾರಾಗ್ರಾಫ್ ಸ್ಟೈಲ್ ಹಾಕಿದ ಕೂಡ್ಲೆ ವರ್ಡ್ ತಾನೇ ಅದನ್ನ ತಗದು ಬಿಡತದ. ನಿಮ್ಮಲ್ಲಿ ಆಗಿದ್ದು ಅದೇ. ಅದಕ್ಕ ಹಳೇ ಸಾಲುಗಳನ್ನ ಮೊದಲ ಯೂನಿಕೋಡಿಗೆ, ಅಂದ್ರ ಒಳಗೂ ಕನ್ನಡ ಅಕ್ಷರಾನೇ ಇರೋ ಪದ್ಧತಿಗೆ, ತಿರುವ್ರಿ, ಸ್ಟೈಲ್ ಆಮ್ಯಾಲ. ತಖ್ತೆಯೊಳಗ ಕರ್ಸರ್ ಇಟ್ಟಾಗ ಕಾಣೋ ತಖ್ತೆಯ ಲೇಔಟ್ ಒಳಗ ‘ಕನ್ವರ್ಟ್ ಟು ಟೆಕ್ಸ್ಟ್’ ಒತ್ತಿ ತಖ್ತೆಯನ್ನ ಟ್ಯಾಬ್ ಇರೋ ಸಾಲು ಮಾಡ್ಕೊಳ್ರಿ, ನುಡಿಯ ಪರಿವರ್ತಕದಾಗ ಹಾಕಿ ತಗೀರಿ, ತಿರುಗಿ ‘ಕನ್ವರ್ಟ್ ಟೆಕ್ಸ್ಟ್ ಟು ಟೇಬಲ್’ ಮಾಡ್ರಿ. ಸದಸ್ಯರ ಹೆಸರು, ಅಡ್ಡಹೆಸರು ಒಂದೊಂದಾಗಿ ಓದಿ ನೋಡ್ರಿ. ಸಭೆಯೊಳಗ ತನ್ನ ಹೆಸರು ತಪ್ಪು ಓದಿದ ರೈತನ ಮುಖಾ ನೋಡೋದು ಬಾಳ ಕಷ್ಟ.

ಇನ್ನ ಅಂಕಿ ಅಷ್ಟ ಸಣ್ಣ ಆಗಿದ್ದು. ವರ್ಡ್ ಯೂನಿಕೋಡ್ ಕನ್ನಡಾನ್ನ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಅಂತ ಬ್ಯಾರೆ ಗುಂಪಿನಾಗ ಇಡತದ. ಇಂಗ್ಲಿಷ್‌ಗೆ ಒಂದು ಫಾಂಟ್, ಒಂದು ಅಳತಿ. ಕನ್ನಡಕ್ಕ ಇನ್ನೊಂದು ಫಾಂಟ್, ಇನ್ನೊಂದು ಅಳತಿ. ‘ತಖ್ತೆ ಅಕ್ಷರ’ ಸ್ಟೈಲ್ ಮಾಡಿಫೈ ಮಾಡಿ, ಫಾರ್ಮ್ಯಾಟ್, ಫಾಂಟ್ ಒಳಗ ಹೋಗ್ರಿ. ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಭಾಗದಾಗೂ ಫಾಂಟ್ ನಿರ್ಮಲಾ ಯುಐ ಇಲ್ಲಾ ತುಂಗಾ, ಅಳತಿ 10 ಕೊಡ್ರಿ. ಆ ಭಾಗ ಕಾಣದಿದ್ರ ಫೈಲ್, ಆಪ್ಷನ್ಸ್, ಲ್ಯಾಂಗ್ವೇಜ್ ಒಳಗ ಕನ್ನಡ ಸೇರಿಸಿ ವರ್ಡ್ ಒಮ್ಮೆ ಮುಚ್ಚಿ ತೆಗೀರಿ.

ನಡುವ ಒಂದು ಪ್ರಶ್ನೆ (ನಿಪ್ಪಾಣಿ):
ಅಕ್ಕಾ, ನಮ್ಮ ತಖ್ತೆಯಾಗ ಒಂದು ಕಾಲಂ ಕನ್ನಡ, ಒಂದು ಕಾಲಂ ಮರಾಠಿ. ಎರಡಕ್ಕೂ ಬ್ಯಾರೆ ಸ್ಟೈಲ್ ಬೇಕೇನ್ರಿ?

ಉತ್ತರ:
ಬ್ಯಾಡ್ರಿ. ಎರಡೂ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಗುಂಪಿನಾಗೇ ಬರತಾವ. ನಿರ್ಮಲಾ ಯುಐದಾಗ ಕನ್ನಡ, ದೇವನಾಗರಿ ಎರಡೂ ಅದಾವ. ಅದೊಂದು ಕೊಟ್ರ ಸಾಕು.

ಪ್ರಶ್ನೆ (ಮುಧೋಳದ ಗುಮಾಸ್ತರು, ಮರುದಿನ):
ಅಕ್ಕಾರ, ಅಕ್ಷರ ಎಲ್ಲಾ ಹೊಂದ್ಯಾವ. ರಾತ್ರಿ ಹನ್ನೊಂದರ ತನಕ ಕುಂತು ಹಳೇ ಸಾಲು ಎಲ್ಲಾ ತಿರುವಿದೆ. ಎರಡೇ ತಕರಾರು ಉಳದಾವ. ಠೇವಣಿ ಯಾದಿ ನಾಕು ಪುಟ ಐತಿ. ತಲಿಸಾಲು ಪ್ರತಿ ಪುಟದಾಗ ಬರವಲ್ದು, ಅದರ ಬದಲಿ ಎರಡನೇ ಪುಟದ ಮೊದಲ ಸದಸ್ಯನ ಸಾಲು ನೀಲಿ ಆಗಿ ಕುಂತೈತಿ. ಮತ್ತ ‘ಸ್ತ್ರೀಶಕ್ತಿ ಗುಂಪುಗಳ ಠೇವಣಿ’ ಅನ್ನೋದರಾಗ ‘ಸ್ತ್ರೀ’ ಕೆಳಗಿನ ಒತ್ತು ಅರ್ಧಾ ಕತ್ತರಿಸಿ ಕಾಣತೈತಿ.

ಉತ್ತರ:
ನೀಲಿ ಸಾಲು ನೋಡಿದ ಕೂಡ್ಲೆ ಗೊತ್ತಾತು. ಪುಟ ಮುರ್ಯಾಕ ತಖ್ತೆ ನಡುವ ಕಂಟ್ರೋಲ್ ಎಂಟರ್ ಹೊಡದೀರಿ. ಹಂಗ ಮಾಡಿದ್ರ ಒಂದು ತಖ್ತೆ ಎರಡು ತುಂಡು ಆಗತದ. ಎರಡನೇ ತುಂಡಿಗೆ ಅದರದೇ ಮೊದಲ ಸಾಲು ತಲಿಸಾಲು. ಪಾಪ, ಆ ಸದಸ್ಯ ಅಲ್ಲಿ ಸಿಕ್ಕೊಂಡಾನ.

ಕಂಟ್ರೋಲ್ ಶಿಫ್ಟ್ 8 ಒತ್ತಿದ್ರ ಕಾಣದ ಗುರುತು ಕಾಣತಾವ. ಎರಡು ತುಂಡಿನ ನಡುವಿನ ಖಾಲಿ ಪ್ಯಾರಾ ಗುರುತು ಅಳಸ್ರಿ, ತಖ್ತೆ ಕೂಡತದ. ಆಮ್ಯಾಲ ತಲಿಸಾಲಿನಾಗ ಕರ್ಸರ್ ಇಟ್ಟು ಲೇಔಟ್ ಒಳಗ ‘ರಿಪೀಟ್ ಹೆಡರ್ ರೋಸ್’ ಒತ್ತರಿ. ತಖ್ತೆಯ ಬಣ್ಣದ ತಲಿಸಾಲು ಬ್ಯಾರೆ, ಪುಟ ಪುಟಕ್ಕ ಬರೋ ತಲಿಸಾಲು ಬ್ಯಾರೆ. ಎರಡೂ ಬ್ಯಾರೆ ಗುಂಡಿ. ಅಷ್ಟಾದ್ರೂ ಬರದಿದ್ರ ಟೇಬಲ್ ಪ್ರಾಪರ್ಟೀಸ್‌ನಾಗ ಟೆಕ್ಸ್ಟ್ ರ‍್ಯಾಪಿಂಗ್ ‘ಅರೌಂಡ್’ ಇದ್ದೀತು, ‘ನನ್’ ಮಾಡ್ರಿ. ಒಂದು ಸಾಲು ಹೊಸ ಪುಟಕ್ಕೇ ಹೋಗಬೇಕಂದ್ರ ಆ ಸಾಲಿನ ಪ್ಯಾರಾಗ್ರಾಫ್ ಸೆಟ್ಟಿಂಗಿನಾಗ ‘ಪೇಜ್ ಬ್ರೇಕ್ ಬಿಫೋರ್’ ಹಾಕ್ರಿ. ತಖ್ತೆ ತುಂಡು ಆಗಂಗಿಲ್ಲ.

‘ಸ್ತ್ರೀ’ದಾಗ ಸ ಕೆಳಗ ತ ಒತ್ತು, ಅದರ ಕೂಡ ರ ಒತ್ತು. ಅದಕ್ಕ ಕೆಳಗ ಜಾಗ ಬೇಕು. ಅಲ್ಲಿ ಸಾಲಿನ ಅಂತರ ಇಲ್ಲಾ ಸಾಲಿನ ಎತ್ತರ ‘ಎಗ್ಸಾಕ್ಟ್ಲಿ’ ಅಂತ ಇರತದ. ಟೇಬಲ್ ಪ್ರಾಪರ್ಟೀಸ್, ರೋ ಒಳಗ ಎತ್ತರಾನ್ನ ‘ಅಟ್ ಲೀಸ್ಟ್’ ಮಾಡ್ರಿ, ಪ್ಯಾರಾಗ್ರಾಫಿನಾಗ ಸಿಂಗಲ್ ಇಡ್ರಿ. ಪಿಡಿಎಫ್ ಮಾಡಿದ ಮ್ಯಾಲ 200 ಪರ್ಸೆಂಟ್ ದೊಡ್ಡದು ಮಾಡಿ ಆ ಒಂದು ಸಾಲು ನೋಡಿ, ಆಮ್ಯಾಲ ಪ್ರೆಸ್ಸಿಗೆ ಕಳಸ್ರಿ.