ಸಿಸಿಐಇ ಅಭ್ಯಾಸಕ್ಕೆ ಹಳೆಯ ಸ್ವಿಚ್‌ಗಳನ್ನು ಕೊಳ್ಳಬೇಕೇ? ಒಂದೇ ಕಂಪನಿಯ ಪರೀಕ್ಷೆಯನ್ನು ನೆಚ್ಚಿಕೊಳ್ಳಬಹುದೇ?

ಪ್ರಶ್ನೆ (ಬೆಳಗಾವಿಯಿಂದ)

ನಮಸ್ಕಾರ. ಬೆಳಗಾವಿಯ ಸಹಕಾರಿ ಬ್ಯಾಂಕೊಂದರಲ್ಲಿ ಒಂಬತ್ತು ವರ್ಷಗಳಿಂದ ನೆಟ್‌ವರ್ಕ್ ನೋಡಿಕೊಂಡಿದ್ದೇನೆ. ಪ್ರಧಾನ ಕಚೇರಿಯಲ್ಲಿ ಮೊದಲಿನಿಂದಲೂ ಸಿಸ್ಕೊ ರೂಟರ್‌ಗಳಿವೆ. ಎರಡು ವರ್ಷಗಳ ಹಿಂದಿನ ಟೆಂಡರಿನಲ್ಲಿ ಗೋಕಾಕ, ಅಥಣಿ, ರಾಮದುರ್ಗದ ಶಾಖೆಗಳಿಗೆ ಜುನಿಪರ್ ಎಂಬ ಬೇರೆ ಕಂಪನಿಯ ಉಪಕರಣ ಬಂದಿತು. ಸಿಸ್ಕೊದ ವೃತ್ತಿಪರ ಮಟ್ಟದ ಪ್ರಮಾಣಪತ್ರ ಸಿಸಿಎನ್‌ಪಿ ಮುಗಿಸಿರುವ ನಾನು ಈಗ ಅದರ ತಜ್ಞಮಟ್ಟದ ಸಿಸಿಐಇಯ ಎಂಟರ್‌ಪ್ರೈಸ್ ಇನ್‌ಫ್ರಾಸ್ಟ್ರಕ್ಚರ್ ವಿಭಾಗದ ಲ್ಯಾಬ್ ಪರೀಕ್ಷೆಗೆ ಕೂರಬೇಕೆಂದಿದ್ದೇನೆ.

ಮನೆಯಲ್ಲಿ ಅಭ್ಯಾಸದ ವ್ಯವಸ್ಥೆಗಾಗಿ ಸುಮಾರು ಒಂದೂಕಾಲು ಲಕ್ಷ ರೂಪಾಯಿ ತೆಗೆದಿರಿಸಿದ್ದೇನೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಸೆಕೆಂಡ್ ಹ್ಯಾಂಡ್ ಸ್ವಿಚ್, ರೂಟರ್‌ಗಳನ್ನು ತಂದು ರ‍್ಯಾಕಿನಲ್ಲಿ ಜೋಡಿಸುವುದೋ, ಅಥವಾ ಎಲ್ಲವನ್ನೂ ಒಂದು ಕಂಪ್ಯೂಟರಿನೊಳಗೆ ವರ್ಚುವಲ್ ಆಗಿಯೇ ನಡೆಸುವುದೋ ಎಂಬುದು ಮೊದಲನೆಯ ಗೊಂದಲ. ಎರಡನೆಯದು ಅದಕ್ಕಿಂತ ದೊಡ್ಡದು. ಅರ್ಧ ಜಾಲ ಬೇರೆ ಕಂಪನಿಯದ್ದಾಗಿರುವಾಗ, ಒಂದೇ ಕಂಪನಿಯ ಉಪಕರಣಗಳ ಮೇಲೆ ನಡೆಯುವ ಪರೀಕ್ಷೆಗೆ ಎರಡು ವರ್ಷ ಕೊಡುವುದು ಜಾಣತನವೇ? ಯಾವ ಕಂಪನಿಗೂ ಸೇರದ ತಜ್ಞಮಟ್ಟದ ಪ್ರಮಾಣಪತ್ರ ಇದ್ದರೆ ಅದನ್ನೇ ಹಿಡಿಯುವುದು ಲೇಸಲ್ಲವೇ?

ಉತ್ತರ 1 (ಬಾಗಲಕೋಟೆಯಿಂದ)

ದಯವಿಟ್ಟು ಎಸ್.ಪಿ. ರಸ್ತೆಗೆ ಹೋಗಬೇಡಿ. ಹೋಗಿ ಕೈ ಸುಟ್ಟುಕೊಂಡವನ ಮಾತಿದು. ಸಿಸಿಐಇಯಲ್ಲಿ ರೂಟಿಂಗ್ ಅಂಡ್ ಸ್ವಿಚಿಂಗ್ ಎಂಬ ವಿಭಾಗ ಇನ್ನೂ ಇದ್ದ ಕಾಲದಲ್ಲಿ ನಾನು ಆರು ರೂಟರ್ ಮತ್ತು ನಾಲ್ಕು ಸ್ವಿಚ್‌ಗಳನ್ನು ನವನಗರದ ಮನೆಯ ಅಟ್ಟದ ಮೇಲಿನ ಕೋಣೆಯಲ್ಲಿ ಜೋಡಿಸಿದ್ದೆ. ಏಪ್ರಿಲ್ ಬಂದೊಡನೆ ಆ ಕೋಣೆಗೆ ಕಾಲಿಡಲಾಗುತ್ತಿರಲಿಲ್ಲ. ಫ್ಯಾನುಗಳ ಸದ್ದಿಗೆ ಕೆಳಗೆ ಮಲಗಿದವರಿಗೆ ನಿದ್ದೆಯಿಲ್ಲ. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷವೂ ತಡೆಯುತ್ತಿರಲಿಲ್ಲ. ಇಷ್ಟರ ಮೇಲೆ 2020ರ ಫೆಬ್ರುವರಿಯಲ್ಲಿ ಆ ಪರೀಕ್ಷೆಯ ಜಾಗಕ್ಕೆ ಎಂಟರ್‌ಪ್ರೈಸ್ ಇನ್‌ಫ್ರಾಸ್ಟ್ರಕ್ಚರ್ ಬಂದಿತು. ಅದರೊಂದಿಗೆ ಬಂದ ಎಸ್‌ಡಿ-ವ್ಯಾನ್ (ದೂರದ ಶಾಖೆಗಳ ಜಾಲವನ್ನು ಸಾಫ್ಟ್‌ವೇರ್ ಮೂಲಕ ಒಂದೆಡೆಯಿಂದ ನಿಯಂತ್ರಿಸುವ ವಿಧಾನ) ಆಗಲಿ, ಆಟೊಮೇಶನ್ ಆಗಲಿ ನನ್ನ ಹಳೆಯ ಪೆಟ್ಟಿಗೆಗಳಲ್ಲಿ ನಡೆಯುವಂಥವಾಗಿರಲಿಲ್ಲ. ಕೊನೆಗೆ ಎಲ್ಲವೂ ಗುಜರಿಯ ತೂಕಕ್ಕೆ ಹೋದವು.

ನಿಮ್ಮ ಹಣವನ್ನು ಮೆಮೊರಿಗೆ ಸುರಿಯಿರಿ. ಸಿಸ್ಕೊದ ವರ್ಚುವಲ್ ರೂಟರ್ ಆದ ಕ್ಯಾಟಲಿಸ್ಟ್ 8000ವಿ ಒಂದೊಂದೂ ಕನಿಷ್ಠ 4 ಜಿಬಿ ಕೇಳುತ್ತದೆ. ಅಂಥ ಹತ್ತನ್ನು ಎಬ್ಬಿಸಿದರೆ 40 ಜಿಬಿ ಅಲ್ಲಿಗೇ ಮುಗಿಯಿತು, ಎಸ್‌ಡಿ-ವ್ಯಾನ್ ನಿಯಂತ್ರಕಗಳ ಹಸಿವು ಬೇರೆ. ಆದ್ದರಿಂದ 128 ಜಿಬಿ ಇರುವ ಹಳೆಯ ವರ್ಕ್‌ಸ್ಟೇಶನ್ ಸಿಕ್ಕರೆ ಪ್ರೊಸೆಸರ್ ತುಸು ಹಿಂದಿನದಾದರೂ ಚಿಂತೆಯಿಲ್ಲ. ಅದರ ಮೇಲೆ ವರ್ಚುವಲ್ ಜಾಲ ಕಟ್ಟುವ ಸಾಫ್ಟ್‌ವೇರ್‌ಗಳಾದ ಈವ್-ಎನ್‌ಜಿ ಅಥವಾ ಸಿಸ್ಕೊ ಮಾಡೆಲಿಂಗ್ ಲ್ಯಾಬ್ಸ್ ಹಾಕಿಕೊಳ್ಳಿ. ಎರಡನೆಯದರ ಉಚಿತ ಆವೃತ್ತಿಯಲ್ಲಿ 5 ನೋಡ್‌ಗಳಿಗಷ್ಟೇ (ಜಾಲದೊಳಗಿನ ಉಪಕರಣಗಳಿಗಷ್ಟೇ) ಅವಕಾಶವಿದೆ. ಹಣ ಕೊಟ್ಟು ಪಡೆಯುವ ವೈಯಕ್ತಿಕ ಆವೃತ್ತಿಯಲ್ಲಿ 20 ನಡೆಯುತ್ತವೆ.

ಉತ್ತರ 2 (ವಿಜಯಪುರದಿಂದ)

ಬಾಗಲಕೋಟೆಯ ಮಿತ್ರರ ಮಾತನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲಿಗೆ ತಕರಾರಿದೆ. ವರ್ಚುವಲ್ ಸ್ವಿಚ್ ನಿಯಂತ್ರಣದ ಲೆಕ್ಕವನ್ನು ಸರಿಯಾಗಿ ತೋರಿಸುತ್ತದೆಯೇ ಹೊರತು ಪ್ಯಾಕೆಟ್ಟನ್ನು ನಿಜವಾಗಿ ಸಾಗಿಸುವ ಚಿಪ್ಪಿನ ಸ್ವಭಾವವನ್ನು ತೋರಿಸುವುದಿಲ್ಲ. ಪೋರ್ಟಿನ ಕ್ಯೂ ತುಂಬಿದಾಗ ಯಾವ ಪ್ಯಾಕೆಟ್ ಬೀಳುತ್ತದೆ, ಚಿಪ್ಪಿನ ವೇಗದ ಹುಡುಕಾಟದ ಮೆಮೊರಿಯಾದ ಟಿಕ್ಯಾಮ್ ಭರ್ತಿಯಾದ ಮೇಲೆ ಹೊಸ ಎಸಿಎಲ್ (ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ) ಸಾಲುಗಳಿಗೆ ಏನಾಗುತ್ತದೆ, ಹೊಂದದ ಎಸ್‌ಎಫ್‌ಪಿ (ಪೋರ್ಟಿಗೆ ಸಿಕ್ಕಿಸುವ ಕೇಬಲ್ ಮಾಡ್ಯೂಲ್) ಹಾಕಿದರೆ ಪೋರ್ಟ್ ಏನೆನ್ನುತ್ತದೆ ಎಂಬುದೆಲ್ಲ ಕಬ್ಬಿಣವನ್ನು ಮುಟ್ಟಿದವರಿಗಷ್ಟೇ ತಿಳಿಯುತ್ತದೆ. ಅದಕ್ಕಾಗಿ ರ‍್ಯಾಕ್ ಕಟ್ಟಬೇಕಾಗಿಲ್ಲ. ಕಚೇರಿಯಲ್ಲಿ ಬಿಡಿಯಾಗಿ ಇಟ್ಟಿರುವ ಒಂದು ಸ್ವಿಚ್ಚನ್ನು ಮೇಲಧಿಕಾರಿಗಳ ಅನುಮತಿ ಪಡೆದು ಭಾನುವಾರ ಬಿಚ್ಚಿ ನೋಡಿದರೆ ಸಾಕು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಯಾವ ಉಪಕರಣ ಕಂಪನಿಗೂ ಸೇರದ ನೆಟ್‌ವರ್ಕ್+ ಎಂಬ ಪ್ರಮಾಣಪತ್ರ ಇದೆ, ಆದರೆ ಅದು ಆರಂಭದ ಮೆಟ್ಟಿಲು. ತಜ್ಞಮಟ್ಟದಲ್ಲಿ ಮಾರುಕಟ್ಟೆ ಗುರುತಿಸುವ ಸಿಸ್ಕೊದ ಸಿಸಿಐಇ, ಜುನಿಪರ್‌ನ ಜೆಎನ್‌ಸಿಐಇ, ಹುವಾವೆಯ ಎಚ್‌ಸಿಐಇ ಎಲ್ಲವಕ್ಕೂ ಒಬ್ಬೊಬ್ಬ ಯಜಮಾನನಿದ್ದಾನೆ. ಗಂಟೆಗಟ್ಟಲೆ ಕೈಯಿಂದ ಕೆಲಸ ಮಾಡಿಸಿ ಪರೀಕ್ಷಿಸಬೇಕಾದರೆ ಯಾವುದಾದರೂ ಒಂದು ಉಪಕರಣವನ್ನು ಮುಂದಿಡಲೇಬೇಕು. ಉಪಕರಣ ಬಂದಲ್ಲಿ ಕಂಪನಿ ಬಂದೇ ಬರುತ್ತದೆ. ಸಂರಚನೆಯನ್ನೇ ಕೇಳದೆ ವಿನ್ಯಾಸವನ್ನಷ್ಟೇ ಕೇಳುವ ಸಿಸಿಡಿಇ ಎಂಬ ತಜ್ಞಮಟ್ಟದ ಪರೀಕ್ಷೆ ಹೆಚ್ಚು ತಟಸ್ಥವಾಗಿ ಕಾಣುವುದು ಇದೇ ಕಾರಣಕ್ಕೆ, ಅದೂ ಸಿಸ್ಕೊದ್ದೇ ಆದರೂ. ಸಿಸಿಐಇ ಲ್ಯಾಬಿನ ಎಂಟು ಗಂಟೆಗಳಲ್ಲಿಯೂ ಈಗ ಮೊದಲ ಮೂರು ವಿನ್ಯಾಸದ್ದೇ, ಅಲ್ಲಿ ಕೈಗೆ ರೂಟರ್ ಸಿಗುವುದಿಲ್ಲ.

ಕಂಪನಿಯ ವಿದ್ಯೆ, ಶುದ್ಧ ವಿದ್ಯೆ ಎಂಬ ಗೆರೆಯೂ ನಾವು ತಿಳಿದಷ್ಟು ನೇರವಾಗಿಲ್ಲ. ಪ್ಯಾಕೆಟ್‌ಗೆ ಚೀಟಿ ಅಂಟಿಸಿ ಸಾಗಿಸುವ ಸಿಸ್ಕೊದ ಟ್ಯಾಗ್ ಸ್ವಿಚಿಂಗ್, ಇಂಟರ್ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್‌ಗೆ ಹೋಗಿ ಎಲ್ಲ ಕಂಪನಿಗಳೂ ಬಳಸುವ ಎಂಪಿಎಲ್‌ಎಸ್‌ಗೆ ದಾರಿಯಾಯಿತು; ಆ ಎಂಪಿಎಲ್‌ಎಸ್ 2001ರಲ್ಲಿ ಆರ್‌ಎಫ್‌ಸಿ 3031 (ಐಇಟಿಎಫ್ ದಾಖಲೆ) ಆಗಿ ಪ್ರಕಟವಾಯಿತು. ದಾರಿ ಹುಡುಕಲು ಸಿಸ್ಕೊ ರೂಪಿಸಿದ ಪ್ರೋಟೋಕಾಲ್ ಇಐಜಿಆರ್‌ಪಿ ಕೂಡ 2016ರಲ್ಲಿ ಆರ್‌ಎಫ್‌ಸಿ 7868 ಆಗಿ ಬಹಿರಂಗವಾಯಿತು; ಆದರೆ ಅದು ಮಾಹಿತಿಗಾಗಿ ಪ್ರಕಟಿಸಿದ ದಾಖಲೆಯೇ ಹೊರತು ಮಾನಕವಲ್ಲ, ನಿಮ್ಮ ಅಥಣಿಯ ಜುನಿಪರ್‌ಗೆ ಅದು ಇಂದಿಗೂ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಎಸ್.ಪಿ. ರಸ್ತೆಯ ಯೋಚನೆಯನ್ನು ಕೈಬಿಟ್ಟೆ. ಆದರೂ ಒಂದು ಸಂದೇಹ: ಒಂದೇ ಕಂಪನಿಯ ಆಜ್ಞೆಗಳಲ್ಲಿ ಕಲಿಯುವಾಗ, ಇದು ಪ್ರೋಟೋಕಾಲಿನ ನಿಯಮ, ಇದು ಕಂಪನಿಯ ರೂಢಿ ಎಂದು ಬೇರ್ಪಡಿಸುವುದು ಹೇಗೆ?

ಉತ್ತರ 1 (ಬಾಗಲಕೋಟೆಯಿಂದ)

ಅಭ್ಯಾಸದ ಜಾಲದಲ್ಲಿ ಒಂದು ಮೂಲೆಯನ್ನು ಯಾವಾಗಲೂ ಪರಕೀಯರಿಗೆ ಬಿಟ್ಟುಕೊಡಿ. ಜುನಿಪರ್‌ನ ವರ್ಚುವಲ್ ರೂಟರ್ ವಿಜೂನೋಸ್ ಒಂದು, ಮೆಮೊರಿ ಸಾಲದಿದ್ದರೆ ಎಫ್‌ಆರ್‌ಆರ್ ಎಂಬ ಮುಕ್ತ ರೂಟಿಂಗ್ ಸಾಫ್ಟ್‌ವೇರ್ ಒಂದು, ಅಷ್ಟು ಸಾಕು. ಒಂದೇ ಪ್ರಿಫಿಕ್ಸ್ (ವಿಳಾಸಗಳ ಗುಂಪು) ಒಂದೇ ಸಂಸ್ಥೆಯ ಜಾಲದೊಳಗೆ ದಾರಿ ತಿಳಿಸುವ ಓಎಸ್‌ಪಿಎಫ್ ಮತ್ತು ಬೇರೆ ಸಂಸ್ಥೆಗಳ ಜಾಲಗಳಿಗೆ ದಾರಿ ತಿಳಿಸುವ ಹೊರಗಿನ ಬಿಜಿಪಿ ಎರಡರಿಂದಲೂ ಬರುವಂತೆ ಮಾಡಿ ನೋಡಿ. ಆದ್ಯತೆಯ ಅಂಕಿ ಸಿಸ್ಕೊದಲ್ಲಿ ಬಿಜಿಪಿಗೆ 20, ಓಎಸ್‌ಪಿಎಫ್‌ಗೆ 110. ಸಣ್ಣ ಅಂಕಿಯೇ ಗೆಲ್ಲುವುದರಿಂದ ಅದು ಬಿಜಿಪಿಯ ದಾರಿ ಹಿಡಿಯುತ್ತದೆ. ಜುನಿಪರ್‌ನಲ್ಲಿ ಓಎಸ್‌ಪಿಎಫ್ ಒಳದಾರಿಗೆ 10, ಬಿಜಿಪಿಗೆ 170. ಅದು ಓಎಸ್‌ಪಿಎಫ್ ಕಡೆ ತಿರುಗುತ್ತದೆ. ಎರಡು ಪ್ರೋಟೋಕಾಲ್‌ಗಳ ದಾರಿಗಳಲ್ಲಿ ಯಾವುದನ್ನು ಆರಿಸಬೇಕೆಂಬುದಕ್ಕೆ ಈ ಅಂಕಿಗಳನ್ನು ಆಯಾ ಕಂಪನಿಯೇ ಇಟ್ಟುಕೊಂಡಿದೆ. ಈ ಎರಡೂ ಅಕ್ಕಪಕ್ಕ ನಿಂತಾಗ ಪ್ಯಾಕೆಟ್ ಸುತ್ತು ಹಾಕತೊಡಗುವುದನ್ನು ಒಮ್ಮೆ ಕಣ್ಣಾರೆ ಕಂಡರೆ, ಪರೀಕ್ಷೆಯಲ್ಲಿಯೂ ರೀಡಿಸ್ಟ್ರಿಬ್ಯೂಷನ್ (ಒಂದು ಪ್ರೋಟೋಕಾಲಿನ ದಾರಿಗಳನ್ನು ಇನ್ನೊಂದಕ್ಕೆ ಹಂಚುವುದು) ಬರೆಯುವಾಗ ಕೈ ತಾನಾಗಿ ತಡೆಯುತ್ತದೆ.

ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ)

ನೀವು ಹೇಳಿದ ಮೂಲೆಯನ್ನು ಕಟ್ಟಿದೆ. ಐಒಎಸ್ ಎಕ್ಸ್‌ಇ ತಂತ್ರಾಂಶದ ಸಿಸ್ಕೊ ರೂಟರ್ ಮತ್ತು ವಿಜೂನೋಸ್ ನಡುವಿನ ಕೊಂಡಿಯಲ್ಲಿ ಎರಡೂ ಕಡೆ ಎಂಟಿಯು (ಒಮ್ಮೆಗೆ ಸಾಗಿಸಬಹುದಾದ ಗರಿಷ್ಠ ಬೈಟ್‌ಗಳು) 9000 ಎಂದು ಬರೆದೆ. ಓಎಸ್‌ಪಿಎಫ್ ನೆರೆ ಏಳಲಿಲ್ಲ; ಜುನಿಪರ್ ಬದಿಯಲ್ಲಿ ಮಾತುಕತೆಯ ಆರಂಭದ ಹಂತವಾದ ಎಕ್ಸ್‌ಸ್ಟಾರ್ಟ್ ಎಂದೇ ನಿಂತಿತು. ಎರಡೂ ಕಡೆ ಒಂದೇ ಅಂಕಿ ಇರುವುದನ್ನು ನಾಲ್ಕು ಸಲ ನೋಡಿ, ರಾತ್ರಿ ಒಂದು ಗಂಟೆಯವರೆಗೆ ತಲೆ ಕೆಡಿಸಿಕೊಂಡೆ. ಜುನಿಪರ್ ಆ 9000ದಲ್ಲಿ ಎತರ್ನೆಟ್ ಹೆಡರಿನ 14 ಬೈಟ್‌ಗಳನ್ನೂ ಸೇರಿಸಿ ಎಣಿಸುತ್ತದೆ, ಹಾಗಾಗಿ ಅದರ ಐಪಿ ಎಂಟಿಯು 8986 ಮಾತ್ರ. ತನಗೆ ಹಿಡಿಸದಷ್ಟು ದೊಡ್ಡ ಎಂಟಿಯು ಸಾರುವ ನೆರೆಯ ಡೇಟಾಬೇಸ್ ವಿವರಣೆಯನ್ನು ತಿರಸ್ಕರಿಸಬೇಕೆಂದು ಆರ್‌ಎಫ್‌ಸಿ 2328 ಹೇಳುತ್ತದೆ. ಆ ಬದಿಯಲ್ಲಿ 9014 ಎಂದು ತಿದ್ದಿದೊಡನೆ ನೆರೆ ಫುಲ್ ಸ್ಥಿತಿಗೆ (ಪೂರ್ಣ ಸಂಪರ್ಕಕ್ಕೆ) ಬಂದಿತು.

ಮರುದಿನ ಕುತೂಹಲಕ್ಕೆ ಸಿಸ್ಕೊದ್ದೇ ಇನ್ನೊಂದು ತಂತ್ರಾಂಶವಾದ ಐಒಎಸ್ ಎಕ್ಸ್‌ಆರ್ ಅನ್ನು ಜುನಿಪರ್ ಇದ್ದ ಜಾಗದಲ್ಲಿಟ್ಟೆ. ಅದೂ ಜುನಿಪರ್‌ನಂತೆಯೇ 14 ಬೈಟ್ ಸೇರಿಸಿ ಎಣಿಸಿತು.