ಎರಡನೇ ಬ್ಯಾಟರಿಯಿಂದ ಡಿಕ್ಕಿ ಸಾಕೆಟ್: ಆಟೋ ಎಲೆಕ್ಟ್ರಿಷಿಯನ್ ಜೊತೆ ಪ್ರಶ್ನೋತ್ತರ

ಕಾಡುಹಾದಿ: ನಮಸ್ಕಾರ ಸರ್. ಬಾನೆಟ್ ಒಳಗಿನ ಎರಡನೇ ಬ್ಯಾಟರಿಯಿಂದ ಡಿಕ್ಕಿಯ ಎರಡು ಸಾಕೆಟ್‌ಗೆ 5 ಮೀಟರ್ ಎಳೆದಿದ್ದೇನೆ. ಪ್ಲಸ್, ಮೈನಸ್ ವೈರ್ ಎರಡೂ 2.5 ಸ್ಕ್ವೇರ್ ಎಂಎಂ ದಪ್ಪ. ಒಂದರಲ್ಲಿ ಫ್ರಿಜ್, ಇನ್ನೊಂದರಲ್ಲಿ ಟೈರ್ ಕಂಪ್ರೆಸರ್ (30 ಆಂಪಿಯರ್, ಬ್ಯಾಟರಿಗೆ ಕಚ್ಚಿಸೋ ಕ್ಲಿಪ್ ತೆಗೆದು ಪ್ಲಗ್ ಹಾಕಿದೆ). 15 ಆಂಪಿಯರ್ ಫ್ಯೂಸ್ ಹೋಗ್ತಾನೇ ಇತ್ತು. ಈ ಗ್ರೂಪ್‌ಗೆ ಬಂದ ಫಾರ್ವರ್ಡ್ ನೋಡಿ 40 ಹಾಕಿದೆ. ಫ್ಯೂಸ್ ಸಾಕೆಟ್ ಪಕ್ಕದಲ್ಲೇ ಇದೆ. ಈಗ ಕಾರ್ಪೆಟ್ ಬಿಸಿ, ಸ್ವಲ್ಪ ವಾಸನೆ. ಕಂಪ್ರೆಸರ್ ಹಾಕಿದ್ರೆ ಫ್ರಿಜ್ ಆಫ್.

ಎಲೆಕ್ಟ್ರಿಷಿಯನ್: ಎಂಜಿನ್ ಆಫ್ ಮಾಡಿ, ಬ್ಯಾಟರಿ ಪ್ಲಸ್‌ನಿಂದ ಆ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ. ಈಗಲೇ. ಮಿಕ್ಕಿದ್ದು ಆಮೇಲೆ ಓದಿ.

ಹೋಗಿ ಬರೋ ತಾಮ್ರ 10 ಮೀಟರ್, ರೆಸಿಸ್ಟೆನ್ಸ್ ಸುಮಾರು 0.07 ಓಮ್. ಫ್ರಿಜ್, ಕಂಪ್ರೆಸರ್ ಎರಡೂ ಓಡಿದ್ರೆ 35 ಆಂಪಿಯರ್. ಅಂದ್ರೆ ದಾರಿಯಲ್ಲೇ ಸುಮಾರು 2.5 ವೋಲ್ಟ್ ಹೋಯ್ತು. ಫ್ರಿಜ್‌ಗೆ ಸಿಕ್ಕಿದ್ದು 10ರ ಹತ್ತಿರ, ವೋಲ್ಟೇಜ್ ಇಳಿದ್ರೆ ತಾನೇ ಆಫ್ ಆಗೋ ಲೋ ವೋಲ್ಟೇಜ್ ಕಟ್‌ಆಫ್‌ನಿಂದ ಅದು ನಿಂತಿದೆ, ಕೆಟ್ಟಿಲ್ಲ. ಹೋದ ವೋಲ್ಟೇಜ್ 85 ವ್ಯಾಟ್ ಶಾಖವಾಗಿ ಕಾರ್ಪೆಟ್ ಕೆಳಗೆ ಕೂತಿದೆ. ಫ್ಯೂಸ್ ಬ್ಯಾಟರಿ ಹತ್ತಿರ ಇಲ್ಲದೆ ಡಿಕ್ಕಿ ಕಡೆ ಇರೋದ್ರಿಂದ, ಮಧ್ಯೆ ಎಲ್ಲಾದ್ರೂ ವೈರ್ ಸವೆದು ಬಾಡಿಗೆ ತಾಗಿದ್ರೆ ತಡೆಯೋರು ಯಾರೂ ಇಲ್ಲ. ಬ್ಯಾಟರಿ ಪೂರ್ತಿ ಕರೆಂಟ್ ಸುರಿಯುತ್ತೆ.

ಕಂಪ್ರೆಸರ್‌ಗೆ ಅದರ ಕ್ಲಿಪ್ ವಾಪಸ್ ಹಾಕಿ, ನೇರ ಬ್ಯಾಟರಿಗೆ. ಸಿಗರೇಟ್ ಸಾಕೆಟ್ 30 ಆಂಪಿಯರ್ ತಡೆಯಲ್ಲ. ಹಿಂದಕ್ಕೆ 10 ಸ್ಕ್ವೇರ್ ಎಂಎಂ ಆಟೋ ಕೇಬಲ್ ಜೋಡಿ ಎಳೆಯಿರಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 40ರ ಫ್ಯೂಸ್, ಹಿಂದೆ ಚಿಕ್ಕ ಫ್ಯೂಸ್ ಬಾಕ್ಸ್, ಸಾಕೆಟ್‌ಗೆ ತಲಾ 10. ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ದಾಟೋ ಕಡೆ, ವೈರ್ ಸವೆಯದಂತೆ ತೂತಿಗೆ ಹಾಕೋ ರಬ್ಬರ್ ಗ್ರಾಮೆಟ್ ತಪ್ಪಿಸಬೇಡಿ.

ಹಳೇ ಡೀಸೆಲ್: ಸರ್, ಫ್ಯೂಸ್ ಎಷ್ಟು ಹಾಕಬೇಕು?

ಎಲೆಕ್ಟ್ರಿಷಿಯನ್: ಮೇಲಿದೆ. ವೈರ್ ನೋಡಿ ಫ್ಯೂಸ್, ಲೋಡ್ ನೋಡಿ ವೈರ್.

ಕೆಸರುದಾರಿ: ಮೈನಸ್‌ಗೆ ಯಾಕೆ ಇಷ್ಟು ಖರ್ಚು? ಚಾಸಿಸ್‌ಗೆ, ಅಂದ್ರೆ ಗಾಡಿಯ ಲೋಹದ ಮೈಗೆ ಕೊಟ್ರೆ ಆಯ್ತು.

ನಾಲ್ಕುಚಕ್ರ: ತುಕ್ಕು ಹಿಡಿದ ಬೋಲ್ಟ್‌ಗೆ ಕೊಟ್ಟು ಆಮೇಲೆ ಇಲ್ಲಿ ಬಂದು ಅಳ್ತೀರಾ.

ಕೆಸರುದಾರಿ: ಕಂಪನಿಯವರೇ ಟೈಲ್ ಲ್ಯಾಂಪ್‌ಗೆ ಚಾಸಿಸ್ ಅರ್ತ್ ಕೊಡಲ್ವಾ? ಗೊತ್ತಿಲ್ಲದೆ ಮಾತಾಡಬೇಡಿ.

ನಾಲ್ಕುಚಕ್ರ: ಟೈಲ್ ಲ್ಯಾಂಪ್ ಎಳೆಯೋದೆಷ್ಟು, ಫ್ರಿಜ್ ಎಳೆಯೋದೆಷ್ಟು? ಲೆಕ್ಕ ಹಾಕಿ ಗುರುವೇ.

ಎಲೆಕ್ಟ್ರಿಷಿಯನ್: ಪೇಂಟ್ ಕೆರೆದು, ಬ್ಯಾಟರಿ ಮೈನಸ್‌ನಿಂದ ಚಾಸಿಸ್‌ಗೂ ಅಷ್ಟೇ ದಪ್ಪದ ಕೇಬಲ್ ಇದ್ರೆ ಚಾಸಿಸ್ ನಡೆಯುತ್ತೆ. ನಾನು ಎರಡೂ ವೈರ್ ಎಳೀತೀನಿ. ಇಬ್ಬರೂ ನಿಲ್ಲಿಸಿ.

ದೂರಪಯಣ: ಅಣ್ಣ, ಎರಡನೇ ಬ್ಯಾಟರಿ ಲಿಥಿಯಂ ಮಾಡಿ ಈಗಿರೋ ರಿಲೇನಲ್ಲೇ (ಎಂಜಿನ್ ಓಡುವಾಗ ಎರಡು ಬ್ಯಾಟರಿ ಜೋಡಿಸೋ ಸ್ವಿಚ್) ಬಿಡಬಹುದಾ? ಸೋಲಾರ್ ಪ್ಯಾನೆಲ್ ಎಷ್ಟು ವ್ಯಾಟ್ ಬೇಕು?

ಎಲೆಕ್ಟ್ರಿಷಿಯನ್: ಬೇಡ. ಖಾಲಿ ಲಿಥಿಯಂ ಕೊಟ್ಟಷ್ಟು ಕರೆಂಟ್ ಕುಡಿಯುತ್ತೆ, ಎಂಜಿನ್‌ನಿಂದ ಕರೆಂಟ್ ಮಾಡೋ ಆಲ್ಟರ್ನೇಟರ್ ಸುಡಬಹುದು. ಮಧ್ಯೆ ಕರೆಂಟ್‌ಗೆ ಮಿತಿ ಹಾಕೋ ಡಿಸಿ-ಡಿಸಿ ಚಾರ್ಜರ್ ಹಾಕಿ.

ಹಳೇ ಡೀಸೆಲ್: ಫಾರ್ವರ್ಡ್ ಬಂದಿದೆ: "ಫ್ಯೂಸ್ ಇಲ್ಲದಾಗ ಸಿಗರೇಟ್ ಪ್ಯಾಕಿನ ಫಾಯಿಲ್ ಹಾಳೆ ಸುತ್ತಿ, ಊರು ಮುಟ್ಟಬಹುದು."

ಎಲೆಕ್ಟ್ರಿಷಿಯನ್: ಡಿಲೀಟ್ ಮಾಡಿ. ಕಾಡುಹಾದಿಯವರ ಗಾಡಿ ಬಿಸಿಯಾಗಿದ್ದೂ ಇಂಥದ್ದೇ ಒಂದು ಫಾರ್ವರ್ಡ್‌ನಿಂದ. ಒಳಗೆ ಜನ ಮಲಗ್ತಾರೆ ಸ್ವಾಮಿ.

ಕೆಸರುದಾರಿ: 1000 ವ್ಯಾಟ್ ಇನ್ವರ್ಟರ್ ಆ ಸಾಕೆಟ್‌ಗೆ ಹಾಕಬಹುದಾ?

ಎಲೆಕ್ಟ್ರಿಷಿಯನ್: 90 ಆಂಪಿಯರ್ ಎಳೆಯುತ್ತೆ. ಇಲ್ಲ. ಕಾಡುಹಾದಿಯವರೇ, ವೈರ್ ಬಿಚ್ಚಿದ್ರಾ?

ದೂರಪಯಣ: ಅಣ್ಣ, ಪ್ಯಾನೆಲ್?

ಕಾಡುಹಾದಿ: ಬಿಚ್ಚಿದೆ ಸರ್. ಕಾರ್ಪೆಟ್ ಎತ್ತಿದ್ರೆ ಇನ್ಸುಲೇಶನ್ ಮೆತ್ತಗಾಗಿ ಸೀಟಿನ ಬ್ರಾಕೆಟ್‌ಗೆ ಅಂಟಿಕೊಂಡಿದೆ. ಅಷ್ಟು ಭಾಗ ಕತ್ತರಿಸಿ ಜೋಡಿಸಲಾ?

ಎಲೆಕ್ಟ್ರಿಷಿಯನ್: ಬೇಡ. ಪೂರ್ತಿ ತೆಗೀರಿ. ಫೋಟೋ ಹಾಕಿ, ಬ್ರಾಕೆಟ್ ಪಕ್ಕದಲ್ಲಿ ಬೇರೆ ವೈರಿಂಗ್ ಇದ್ರೆ ಅದನ್ನೂ ನೋಡಬೇಕು.